ನಾಯಿ ಬೆಕ್ಕಿನ ಡೆಕ್ ಕುರಿತು ಮಗಳಿಗೊಂದು ಪತ್ರ

ಕಲಬುರಗಿ

ಪ್ರೀತಿಯ ಮಗಳೇ,

ನಮ್ಮ ಮ್ಯಾಜಿಕ್ ಕಾರ್ಡ್ ಆಟಕ್ಕೆ ನೀನು ಕಟ್ಟಿದ ಡೆಕ್ಕಿನ, ಅಂದರೆ ಕಾರ್ಡ್ ಕಟ್ಟಿನ, ನೂರು ಕಾರ್ಡಿನ ಪಟ್ಟಿಯನ್ನು ಪೂರ್ತಿ ಓದಿದೆ. ನಿನ್ನ ತಮ್ಮನೂ ಪಕ್ಕದಲ್ಲೇ ಕೂತಿದ್ದ. ಕಾರ್ಡ್‌ಗಳ ಹೆಸರು ಅವನಿಗೆ ಜಾಸ್ತಿ ಗೊತ್ತು, ಲೆಕ್ಕ ನನಗೆ ಜಾಸ್ತಿ ಗೊತ್ತು. ಇಬ್ಬರೂ ಸೇರಿ ನೋಡಿದ್ದರಿಂದ ಪತ್ರ ಉದ್ದವಾಗಿದೆ. ಫೋನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಬೇಡ. ಈ ಡೆಕ್ ಬಿಚ್ಚಿಹಾಕಿ ನಿಮ್ಮ ಸೀನಿಯರ್ ಆಡುವಂಥ ಡೆಕ್ ಕಟ್ಟಬೇಡ. ಅವನು ಐದನೇ ಟರ್ನಿಗೆ ಎರಡು ಕಾರ್ಡ್ ಜೋಡಿಸಿ ಆಟ ಮುಗಿಸುತ್ತಾನೆ, ನಿನ್ನ ನಾಯಿ ಬೆಕ್ಕುಗಳು ಆ ಹೊತ್ತಿಗೆ ಮೇಜಿಗೇ ಬಂದಿರುವುದಿಲ್ಲ ಅಂತ ಬರೆದಿದ್ದೀಯ. ಬೇಜಾರಾಗುವುದು ಸಹಜ. ಆದರೆ ಪಶುವೈದ್ಯಕೀಯ ಓದುವ ಹುಡುಗಿ ರಿನ್ ಅಂಡ್ ಸೆರಿ ಅನ್ನುವ ನಾಯಿ ಬೆಕ್ಕಿನ ಜೋಡಿ ಕಾರ್ಡನ್ನು ಕಮಾಂಡರ್, ಅಂದರೆ ಡೆಕ್ಕಿನ ನಾಯಕ, ಮಾಡಿಕೊಂಡು, ಒಂದೊಂದೇ ಕಾರ್ಡ್ ಹುಡುಕಿ ಕಟ್ಟಿದ ಡೆಕ್ ಇದು. ಇದರಲ್ಲಿ ನೀನಿದ್ದೀಯ. ಸರಿ ಮಾಡಬೇಕಾದದ್ದು ಎರಡಿದೆ: ಡೆಕ್ಕಿನ ಒಳಗೆ ಸ್ವಲ್ಪ, ಆಟ ಶುರುವಾಗುವ ಮುಂಚಿನ ಮಾತಿನಲ್ಲಿ ಸ್ವಲ್ಪ.

ಡೆಕ್ಕಿನಿಂದಲೇ ಶುರು ಮಾಡುತ್ತೇನೆ. ನೀನು ಹಾಕಿರುವುದು 31 ಲ್ಯಾಂಡ್, ಅಂದರೆ ಬೇರೆ ಕಾರ್ಡ್ ಆಡಲು ಬೇಕಾದ ಮನಾ ಅನ್ನುವ ಶಕ್ತಿ ಕೊಡುವ ಕಾರ್ಡ್. ಇದು ಕಮ್ಮಿ ಆಯಿತು ಮಗಳೇ. ಕಮಾಂಡರ್ ಪಕ್ಕದಲ್ಲಿ ಕೂತಿರುತ್ತದೆ, ನಾವು ಕಲಸುವುದು ಉಳಿದ 99 ಕಾರ್ಡ್. ಕೈಗೆ 7 ಬರುತ್ತವೆ, ಆಮೇಲೆ ಟರ್ನಿಗೊಂದು. ನಾಲ್ಕನೇ ಟರ್ನಿನ ಹೊತ್ತಿಗೆ ನೀನು 11 ಕಾರ್ಡ್ ನೋಡಿರುತ್ತೀಯ. 31 ಲ್ಯಾಂಡ್ ಇದ್ದರೆ ಆ 11ರಲ್ಲಿ ಸರಾಸರಿ 3.4 ಲ್ಯಾಂಡ್ ಇರುತ್ತವೆ. 37 ಇದ್ದರೆ 4.1. ರಿನ್ ಅಂಡ್ ಸೆರಿ ಬರಬೇಕಾದರೆ ನಾಲ್ಕು ಮನಾ ಬೇಕು, ಅದರಲ್ಲೂ ಕೆಂಪು, ಹಸಿರು, ಬಿಳಿ ಮೂರೂ ಬಣ್ಣ ಬೇಕು. ನಿನ್ನ ಕಮಾಂಡರ್ ಯಾಕೆ ತಡವಾಗಿ ಬರುತ್ತದೆ ಅನ್ನೋದು ಈ ಲೆಕ್ಕದಲ್ಲೇ ಇದೆ. ಜೋಳದ ಹಿಟ್ಟಿಗೆ ಬಿಸಿನೀರು ಕಮ್ಮಿ ಹಾಕಿ ಎಷ್ಟು ನಾದಿದರೂ ರೊಟ್ಟಿ ಬಿರಿಯುತ್ತದೆ ಅಲ್ವಾ, ಹಾಗೆ. ಎಂಥ ಒಳ್ಳೆಯ ಕಾರ್ಡ್ ಕೈಯಲ್ಲಿದ್ದರೂ ಲ್ಯಾಂಡ್ ಇಲ್ಲದಿದ್ದರೆ ಸುಮ್ನೆ ಹಿಡಿದುಕೊಂಡು ಕೂರಬೇಕು.

ಆರು ಲ್ಯಾಂಡ್ ಸೇರಿಸು. ಅದರಲ್ಲಿ ಹಸಿರು ಮನಾ ಕೊಡುವ ಫಾರೆಸ್ಟ್ ಜಾಸ್ತಿ ಇರಲಿ. ಹಸಿರು ಬಣ್ಣ ಒಂದು ಕೈಯಲ್ಲಿದ್ದರೆ ಉಳಿದ ಬಣ್ಣ ಅದೇ ಹುಡುಕಿಕೊಡುತ್ತದೆ. ಕಲ್ಟಿವೇಟ್ ಆಡಿದರೆ ಡೆಕ್ಕಿನಿಂದ ಎರಡು ಬೇಸಿಕ್ ಲ್ಯಾಂಡ್ ಬರುತ್ತವೆ, ಒಂದು ಮೇಜಿಗೆ, ಒಂದು ಕೈಗೆ. ರ‍್ಯಾಂಪಂಟ್ ಗ್ರೋತ್ ಒಂದು ತಂದುಕೊಡುತ್ತದೆ. ಎರಡೂ ಅಗ್ಗದ ಕಾರ್ಡ್. ಏನು ತೆಗೆಯಬೇಕು ಅಂತ ಕೇಳಬೇಡ, ನಿನಗೇ ಗೊತ್ತು. ಆ ಮೂರು ಡ್ರ್ಯಾಗನ್ ಚಂದ ಇವೆ, ಆದರೆ ಅವು ನಾಯಿಯೂ ಅಲ್ಲ, ಬೆಕ್ಕೂ ಅಲ್ಲ. ಅವನ್ನು ಕಾಕಾನಿಗೆ ಕೊಡು. ಅವನ ಕೆಂಪು ಡೆಕ್ ತುಂಬ ಡ್ರ್ಯಾಗನ್‌ಗಳೇ ಇವೆ, ಇನ್ನೂ ಮೂರು ಸಿಕ್ಕರೆ ಖುಷಿಪಡುತ್ತಾನೆ.

ಈಗ ನಿನ್ನ ಕಮಾಂಡರ್ ವಿಷಯ. ನಾಯಿ ಕಾರ್ಡ್ ಆಡಿದರೆ ಒಂದು ಬೆಕ್ಕಿನ ಟೋಕನ್, ಬೆಕ್ಕಿನ ಕಾರ್ಡ್ ಆಡಿದರೆ ಒಂದು ನಾಯಿಯ ಟೋಕನ್. ಟೋಕನ್ ಅಂದರೆ ಡೆಕ್ಕಿನಲ್ಲಿಲ್ಲದ, ಗುರುತಿಗೆ ಏನಾದರೂ ಇಟ್ಟು ಆಡುವ ಪ್ರಾಣಿ. ಇಲ್ಲಿ ‘ಆಡಿದರೆ’ ಅನ್ನುವುದು ಮುಖ್ಯ. ಟೋಕನ್ ಬಂದದ್ದಕ್ಕೆ ಮತ್ತೊಂದು ಟೋಕನ್ ಬರುವುದಿಲ್ಲ, ಕೈಯಿಂದ ಮನಾ ಕೊಟ್ಟು ಆಡಿದ ಕಾರ್ಡಿಗೆ ಮಾತ್ರ. ಹಾಗಾಗಿ ನಿನಗೆ ಬೇಕಾದದ್ದು ದೊಡ್ಡ ಸಿಂಹಗಳಲ್ಲ, ಒಂದೆರಡು ಮನಾದ ಸಣ್ಣ ಸಣ್ಣ ಪ್ರಾಣಿಗಳು. ಒಂದೇ ಟರ್ನಿನಲ್ಲಿ ಎರಡು ಮೂರು ಆಡುವಂಥವು.

ಅದಕ್ಕೆ ನಿನ್ನ ತಮ್ಮ ಒಳ್ಳೆಯ ಉಪಾಯ ಹೇಳಿದ್ದಾನೆ. ಚೇಂಜ್‌ಲಿಂಗ್ ಕಾರ್ಡ್‌ಗಳು. ಅವು ಎಲ್ಲ ಜಾತಿಯ ಪ್ರಾಣಿಯೂ ಹೌದು, ಅಂದರೆ ನಾಯಿಯೂ ಹೌದು, ಬೆಕ್ಕೂ ಹೌದು. ಒಂದು ಚೇಂಜ್‌ಲಿಂಗ್ ಆಡಿದರೆ ನಾಯಿ ಟೋಕನ್ ಒಂದು, ಬೆಕ್ಕಿನ ಟೋಕನ್ ಒಂದು, ಎರಡೂ ಬರುತ್ತವೆ. ಯೂನಿವರ್ಸಲ್ ಆಟೊಮೇಟನ್ ಒಂದೇ ಮನಾ. ವುಡ್‌ಲ್ಯಾಂಡ್ ಚೇಂಜ್‌ಲಿಂಗ್ ಎರಡು. ಮಾಸ್ಕ್ಡ್ ವ್ಯಾಂಡಲ್ ಕೂಡ ಎರಡು, ಅದು ಎದುರಿನವರ ಆರ್ಟಿಫ್ಯಾಕ್ಟನ್ನೋ ಎನ್ಚಾಂಟ್‌ಮೆಂಟನ್ನೋ ಹೊರಗೆ ಹಾಕಲೂ ಆಗುತ್ತದೆ. ಇವೆಲ್ಲ ಕಾಮನ್ ಕಾರ್ಡ್‌ಗಳು, ಕಡಿಮೆ ದುಡ್ಡಿಗೆ ಸಿಗುತ್ತವೆ. ನಿಮ್ಮ ಸೀನಿಯರ್‌ನ ಒಂದು ಕಾರ್ಡಿನ ದುಡ್ಡಲ್ಲಿ ಇಂಥವು ಡಬ್ಬಿ ತುಂಬ ಬರುತ್ತವೆ.

ಇನ್ನೊಂದು. 2020ರವರೆಗೆ ಈ ಆಟದ ಕಾರ್ಡ್‌ಗಳ ಮೇಲೆ ನಾಯಿಗೆ ‘ಹೌಂಡ್’ ಅಂತ ಅಚ್ಚಾಗುತ್ತಿತ್ತು. ಆ ವರ್ಷ ಅದನ್ನೆಲ್ಲ ‘ಡಾಗ್’ ಅಂತ ಬದಲಿಸಿದರು. ಹಳೆಯ ಕಾರ್ಡ್ ಮೇಲೆ ಹೌಂಡ್ ಅಂತಿದ್ದರೂ ಈಗ ಅದು ನಾಯಿಯೇ. 2004ರ ಇಸಮಾರು ಅಂಥದ್ದು, ಒಂದೇ ಮನಾಕ್ಕೆ ಬರುವ ಗಟ್ಟಿ ನಾಯಿ. ಹುಡುಕುವಾಗ ಎರಡೂ ಹೆಸರಲ್ಲಿ ಹುಡುಕು.

ನಿನ್ನ ಪಟ್ಟಿಯಲ್ಲಿ ಕಾರ್ಡ್ ಎಳೆಯುವ ಕಾರ್ಡ್‌ಗಳು ನಾಲ್ಕೇ ಇವೆ. ಹತ್ತರ ಹತ್ತಿರ ಬೇಕು. ಸಣ್ಣ ಪ್ರಾಣಿಗಳ ಡೆಕ್ಕಿನಲ್ಲಿ ಕೈ ಬೇಗ ಖಾಲಿಯಾಗುತ್ತದೆ. ಬೀಸ್ಟ್ ವಿಸ್ಪರರ್ ಇದ್ದರೆ ಪ್ರಾಣಿ ಆಡಿದಾಗಲೆಲ್ಲ ಒಂದು ಕಾರ್ಡ್ ಬರುತ್ತದೆ. ಗಾರ್ಡಿಯನ್ ಪ್ರಾಜೆಕ್ಟ್ ಇನ್ನೂ ಚಂದ, ಟೋಕನ್ ಅಲ್ಲದ ಪ್ರಾಣಿ ಮೇಜಿಗೆ ಬಂದಾಗಲೆಲ್ಲ ಒಂದು ಕಾರ್ಡ್ ಕೊಡುತ್ತದೆ. ಹೊಸದಾಗಿ ಮೇಜಿಗೆ ಬಂದ ಪ್ರಾಣಿಯ ಹೆಸರು ಮೇಜಿನ ಮೇಲಿರುವ ನಿನ್ನ ಬೇರೆ ಪ್ರಾಣಿಗಾಗಲಿ ನಿನ್ನ ಗ್ರೇವ್‌ಯಾರ್ಡಿನ, ಅಂದರೆ ಸತ್ತ ಕಾರ್ಡ್‌ಗಳ ರಾಶಿಯ, ಪ್ರಾಣಿ ಕಾರ್ಡಿಗಾಗಲಿ ಇರಬಾರದು, ಅಷ್ಟೇ ಷರತ್ತು. ಕಮಾಂಡರ್ ಆಟದಲ್ಲಿ ಬೇಸಿಕ್ ಲ್ಯಾಂಡ್ ಬಿಟ್ಟು ಪ್ರತಿ ಕಾರ್ಡೂ ಒಂದೊಂದೇ ತಾನೇ? ಹಾಗಾಗಿ ಷರತ್ತು ಬಹುಪಾಲು ತಾನಾಗೇ ಪೂರೈಸುತ್ತದೆ.

ಮತ್ತೆ ಸ್ವಿಫ್ಟ್‌ಫುಟ್ ಬೂಟ್ಸ್ ಹಾಕಲೇಬೇಕು. ರಿನ್ ಅಂಡ್ ಸೆರಿ ಸತ್ತು ವಾಪಸ್ ಬರುವಾಗ ಪ್ರತಿ ಸಲ ಎರಡು ಮನಾ ಜಾಸ್ತಿ ಕೊಡಬೇಕು. ನಾಲ್ಕು, ಆರು, ಎಂಟು. ಮೂರನೇ ಸಲಕ್ಕೆ ನಿನ್ನ ಇಡೀ ಟರ್ನ್ ಅಲ್ಲೇ ಹೋಗುತ್ತದೆ. ಬೂಟ್ಸ್ ತೊಡಿಸಿದರೆ ಎದುರಿನವರು ಅದನ್ನು ಗುರಿ ಮಾಡಲು ಆಗುವುದಿಲ್ಲ, ಬಂದ ಟರ್ನಿನಲ್ಲೇ ಅದರ ಶಕ್ತಿಯನ್ನೂ ಬಳಸಬಹುದು. ಎಷ್ಟು ನಾಯಿ ಇವೆಯೋ ಅಷ್ಟು ಪೆಟ್ಟು, ಎಷ್ಟು ಬೆಕ್ಕು ಇವೆಯೋ ಅಷ್ಟು ಜೀವ. ನಿನ್ನ ಡೆಕ್ ಗೆಲ್ಲುವ ದಾರಿಯೇ ಅದು.

ಟೋಕನ್‌ಗಳನ್ನು ಕೊಳ್ಳಬೇಡ. ಟೋಕನ್ ಅಂತ ಏನು ಇಟ್ಟರೂ ನಡೆಯುತ್ತದೆ. ನಿನ್ನ ತಮ್ಮ ದಪ್ಪ ಹಾಳೆ ಕತ್ತರಿಸಿ ನಾಯಿ ಟೋಕನ್‌ಗಳನ್ನೆಲ್ಲ ಮುಧೋಳ ನಾಯಿ ಮಾಡಿ ಚಿತ್ರ ಬರೆದಿದ್ದಾನೆ. ಉದ್ದ ಕಾಲು, ತೆಳು ಹೊಟ್ಟೆ, ಚೂಪು ಮೂತಿ, ಥೇಟ್ ಹಾಗೇ ಬಂದಿದೆ. ನಿಮ್ಮ ಬೀದರ್ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳದ ತಿಮ್ಮಾಪುರದಲ್ಲಿದೆ ಅಂತ ನೀನೇ ಹೇಳಿದ್ದೆಯಲ್ಲ, ಅದು ಅವನ ತಲೆಯಲ್ಲಿ ಕೂತುಬಿಟ್ಟಿದೆ. ಬೆಕ್ಕುಗಳಿಗೆ ನಮ್ಮ ಓಣಿಯ ಬೆಕ್ಕುಗಳ ಮುಖ ಇಟ್ಟಿದ್ದಾನೆ. ನೋಡಿದರೆ ಯಾವುದು ಯಾರ ಮನೆಯದು ಅಂತ ನಿನಗೆ ಗೊತ್ತಾಗುತ್ತದೆ.

ದುಡ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆಯಿ ಇದನ್ನು ಈಗಲೂ ಇಸ್ಪೀಟ್ ಅಂತಲೇ ಅನ್ನುತ್ತಾರೆ. ನಾವು ದುಡ್ಡು ಕಟ್ಟಿ ಆಡುವುದಿಲ್ಲ ಅಂತ ಹೇಳಿದ್ದೇನೆ, ಅದು ನಿಜವೇ. ಆದರೆ ಒಳಗೇನಿದೆ ಅಂತ ಗೊತ್ತಿಲ್ಲದ ಪ್ಯಾಕೆಟ್‌ಗಳನ್ನು ಒಂದರ ಮೇಲೊಂದು ಕೊಂಡು ಒಡೆಯುವುದಿದೆಯಲ್ಲ, ಅಲ್ಲಿ ಮಾತ್ರ ಆಯಿಯ ಭಯಕ್ಕೆ ಅರ್ಥವಿದೆ. ಸಿಗುವುದೋ ಇಲ್ಲವೋ ಅನ್ನುವ ಆಸೆಗೇ ಅಲ್ಲಿ ದುಡ್ಡು ಹೋಗುವುದು. ನಿನಗೆ ಬೇಕಾದ ಕಾರ್ಡ್ ಯಾವುದೋ ಅದನ್ನೇ ಬಿಡಿಯಾಗಿ ಕೊಂಡುಕೋ. ದುಬಾರಿ ಕಾರ್ಡ್ ಒಂದು ಬೇಕೇ ಬೇಕು ಅನಿಸಿದರೆ ಮೊದಲು ಅದರ ಹೆಸರು, ಮನಾ, ಏನು ಮಾಡುತ್ತದೆ ಅನ್ನೋದನ್ನು ಚೀಟಿಯಲ್ಲಿ ಬರೆದು, ಬೇರೊಂದು ಕಾರ್ಡಿನ ಮುಂದೆ ಸ್ಲೀವ್ ಒಳಗೆ, ಅಂದರೆ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ, ಸೇರಿಸಿ ಆಡು. ಅಧಿಕೃತ ಟೂರ್ನಮೆಂಟಿನಲ್ಲಿ ಇದು ನಡೆಯುವುದಿಲ್ಲ. ಗೆಳೆಯರ ಮೇಜಿನಲ್ಲಿ ಮೊದಲೇ ಕೇಳಿದರೆ ಬಹಳಷ್ಟು ಜನ ಹೂಂ ಅನ್ನುತ್ತಾರೆ.

ಸಾವಿರಾರು ರೂಪಾಯಿಯ ಕಾರ್ಡ್ ಗಟ್ಟಿ ಆಸ್ತಿಯೂ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಕಮಾಂಡರ್ ಆಟದಿಂದ ಮನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್, ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್, ನಾಡು ಅನ್ನುವ ನಾಲ್ಕು ಕಾರ್ಡ್‌ಗಳನ್ನು ನಿಷೇಧಿಸಿದರು. ಅದರಲ್ಲಿ ಕೆಲವು ತುಂಬ ದುಬಾರಿಯವು. ಬೆಲೆ ಬಿದ್ದಿತು, ಜನ ಸಿಟ್ಟಾದರು, ನಿಯಮ ನೋಡಿಕೊಳ್ಳುತ್ತಿದ್ದ ಸಮಿತಿಯವರಿಗೆ ಬೆದರಿಕೆ ಹಾಕುವ ಮಟ್ಟಕ್ಕೂ ಹೋದರು. ಕೊನೆಗೆ ಆ ಸಮಿತಿ ಆಟದ ಹೊಣೆಯನ್ನು ಕಾರ್ಡ್ ತಯಾರಿಸುವ ಕಂಪನಿಗೇ ಒಪ್ಪಿಸಿಬಿಟ್ಟಿತು. ಒಂದು ಆಟಕ್ಕೆ ಅಷ್ಟು ಸಿಟ್ಟು ಯಾಕೆ ಬಂತು ಅಂದರೆ, ಅಲ್ಲಿ ದುಡ್ಡು ಸೇರಿಕೊಂಡಿತ್ತು.

ಈ ಆಟ ಹುಟ್ಟಿದ ರೀತಿ ಬೇರೆಯೇ. ಮ್ಯಾಜಿಕ್ ಆಟವನ್ನು 1993ರಲ್ಲಿ ತಂದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು, ಅದು ನನಗೆ ಬಹಳ ಇಷ್ಟವಾದ ವಿಷಯ. ಆದರೆ ನಾವು ಆಡುವ ಕಮಾಂಡರ್ ರೂಪವನ್ನು ಕಂಪನಿ ಮಾಡಲಿಲ್ಲ. ಅಲಾಸ್ಕಾದಲ್ಲಿ ಕೆಲವು ಗೆಳೆಯರು ಐದು ಹಳೆಯ ಡ್ರ್ಯಾಗನ್ ಕಾರ್ಡ್‌ಗಳನ್ನು ನಾಯಕರನ್ನಾಗಿ ಮಾಡಿಕೊಂಡು ತಮ್ಮಷ್ಟಕ್ಕೆ ಆಡುತ್ತಿದ್ದ ಆಟ ಅದು. ಶೆಲ್ಡನ್ ಮೆನರಿ ಅನ್ನುವ ಜಡ್ಜ್ ಅದನ್ನು ಬೇರೆ ಜಡ್ಜ್‌ಗಳಿಗೆ ಪರಿಚಯ ಮಾಡಿಸಿದರು. ಹಗಲೆಲ್ಲ ಟೂರ್ನಮೆಂಟಿನ ತಕರಾರು ಬಗೆಹರಿಸಿ ದಣಿದವರು ರಾತ್ರಿ ಕೂತು ಹಗುರಾಗಿ ಆಡುವುದಕ್ಕೆ. ಕಂಪನಿ ಇದಕ್ಕೆಂದೇ ಸಿದ್ಧ ಡೆಕ್ ತಂದದ್ದು 2011ರಲ್ಲಿ. ಶೆಲ್ಡನ್ 2023ರಲ್ಲಿ ತೀರಿಕೊಂಡರು. ಒಬ್ಬೊಬ್ಬರಿಗೆ 40 ಜೀವ, ನಾಲ್ಕು ಜನ, ಎಲ್ಲ ಕಾರ್ಡೂ ಒಂದೊಂದೇ. ಆಟ ನಿಧಾನವಾಗಿ ಸಾಗಲಿ, ಪ್ರತಿಯೊಬ್ಬರ ಡೆಕ್ಕೂ ತನ್ನ ಕತೆ ಹೇಳಲಿ ಅಂತಲೇ ಇವೆಲ್ಲ.

ಹಾಗಂತ ನಿಮ್ಮ ಸೀನಿಯರ್ ತಪ್ಪು ಮಾಡುತ್ತಿದ್ದಾನೆ ಅಂತ ನಾನು ಹೇಳುವುದಿಲ್ಲ. ಅವನ ಡೆಕ್ಕಿಗೂ ಜಾಗ ಇದೆ, ಅಂಥದೇ ಡೆಕ್ ಇರುವ ನಾಲ್ವರು ಕೂತರೆ ಅದೂ ಒಳ್ಳೆಯ ಆಟವೇ. ಕೂರುವ ಮುಂಚೆ ನೀವು ಯಾರೂ ಮಾತಾಡಿಲ್ಲ, ಅಷ್ಟೇ. 2025ರಿಂದ ಡೆಕ್ ಎಷ್ಟು ಬಲದ್ದು ಅಂತ ಹೇಳಲು ಬ್ರಾಕೆಟ್ ಅಂತ ಐದು ಹಂತ ಮಾಡಿದ್ದಾರೆ. ಸಿದ್ಧ ಡೆಕ್‌ಗಳ ಮಟ್ಟ ಸುಮಾರಾಗಿ ಎರಡು. ಚೆನ್ನಾಗಿ ತಿದ್ದಿದ ಡೆಕ್ ಮೂರು, ಅದರಲ್ಲಿ ‘ಗೇಮ್ ಚೇಂಜರ್’ ಅನ್ನುವ ಬಲು ಜೋರಾದ ಕಾರ್ಡ್‌ಗಳ ಪಟ್ಟಿಯಿಂದ ಮೂರರವರೆಗೆ ಇರಬಹುದು. ನಾಲ್ಕು, ಐದಕ್ಕೆ ಆ ಮಿತಿ ಇಲ್ಲ. ನಿನ್ನ ಡೆಕ್ ಈಗ ಎರಡು, ಮೇಲೆ ಹೇಳಿದ ಬದಲಾವಣೆ ಮಾಡಿದರೆ ಎರಡರ ಮೇಲ್ತುದಿ. ಅವನದು ನಾಲ್ಕು ಅಂತ ನಿನ್ನ ತಮ್ಮನ ಲೆಕ್ಕ.

ನೀನೇ ಮೊದಲು ಬಾಯಿ ಬಿಡು. “ಅಣ್ಣಾ, ನನ್ನದು ಬ್ರಾಕೆಟ್ ಎರಡು, ಎಂಟೊಂಬತ್ತು ಟರ್ನ್ ಆಡೋ ಆಸೆ. ನಿಮ್ಮ ಹತ್ರ ಇನ್ನೊಂದು ಡೆಕ್ ಇದೆಯಾ?” ಅಂತ ಕೇಳು. ಜೂನಿಯರ್ ಅಂತ ಸಂಕೋಚ ಬೇಡ. ಇಷ್ಟು ವರ್ಷ ಆಡಿದವನ ಹತ್ತಿರ ಖಂಡಿತ ಇನ್ನೊಂದು ಡೆಕ್ ಇರುತ್ತದೆ. ಇಲ್ಲ ಅಂದರೆ ಒಂದು ಆಟ ಅವನ ಇಷ್ಟದ್ದು, ಒಂದು ಆಟ ನಿಮ್ಮ ಇಷ್ಟದ್ದು ಅಂತ ಮಾಡಿಕೊಳ್ಳಿ. ಅದಕ್ಕೂ ಒಪ್ಪದಿದ್ದರೆ ನೀವು ಮೂವರೇ ಆಡಿ. ಮೂರು ಜನಕ್ಕೂ ಆಟ ಚೆನ್ನಾಗೇ ನಡೆಯುತ್ತದೆ.

ನಿಮ್ಮಪ್ಪನ ಆಟ ನೆನಪಿಸಿಕೋ. ದಿನವಿಡೀ ಬೇಳೆ ಮಿಲ್ಲಿನಲ್ಲಿ ತೊಗರಿ ರೇಟಿನ ಚೌಕಾಸಿ ಮಾಡಿ ಬಂದವರು, ಮೇಜಿನಲ್ಲೂ ಅದನ್ನೇ ಮಾಡುತ್ತಾರೆ. “ನನ್ನ ಮೇಲೆ ಬರಬೇಡ, ಮುಂದಿನ ಟರ್ನಿಗೆ ಕಾಕಾನ ದೊಡ್ಡ ಡ್ರ್ಯಾಗನ್ ನಾನು ತೆಗೆಯುತ್ತೇನೆ” ಅನ್ನುತ್ತಾರೆ, ಮಾತಿನಂತೆ ತೆಗೆದೂ ತೆಗೆಯುತ್ತಾರೆ. ಅವರ ಡೆಕ್ ನಮ್ಮೆಲ್ಲರದಕ್ಕಿಂತ ಸಾಧಾರಣದ್ದು. ಆದರೂ ಗೆಲ್ಲುತ್ತಾರೆ, ಯಾಕೆಂದರೆ ಕೊಟ್ಟ ಮಾತು ತಪ್ಪುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ನಾಲ್ಕು ಜನರ ಆಟದಲ್ಲಿ ಎಲ್ಲಕ್ಕಿಂತ ಬಲವಾಗಿ ಕಂಡವನ ಮೇಲೆ ಮೂವರೂ ತಿರುಗಿಬೀಳಬಹುದು. ಸಣ್ಣ ನಾಯಿ ಬೆಕ್ಕುಗಳಿಗೆ ಮೊದಲ ಕೆಲವು ಟರ್ನ್ ಯಾರೂ ಹೆದರುವುದಿಲ್ಲ. ಅದನ್ನು ಬಳಸಿಕೋ. ಎಲ್ಲವನ್ನೂ ಒಂದೇ ಸಲ ಮೇಜಿಗೆ ಸುರಿಯಬೇಡ, ಯಾರಾದರೂ ರಾತ್ ಆಫ್ ಗಾಡ್ ಹಾಕಿ ಎಲ್ಲ ಪ್ರಾಣಿಗಳನ್ನೂ ಗುಡಿಸಿದರೆ ಮತ್ತೆ ಕಟ್ಟಲು ಕೈಯಲ್ಲಿ ಮೂರ್ನಾಲ್ಕು ಇಟ್ಟುಕೊಂಡಿರು.

ಟೋಕನ್‌ಗಳು, ಚೇಂಜ್‌ಲಿಂಗ್‌ಗಳು, ಹೊಸ ಸ್ಲೀವ್ ಪ್ಯಾಕ್ ಒಂದು, ಜೊತೆಗೆ ಶೇಂಗಾ ಹಿಂಡಿ, ಕಟಕ ರೊಟ್ಟಿ, ಎಲ್ಲ ಕಟ್ಟಿಟ್ಟಿದ್ದೇನೆ. ಈ ವಾರ ಮಾಮಾ ಬೀದರ್‌ಗೆ ಬರುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ಹಿಂಡಿ ತಿಂದ ಕೈಯಲ್ಲಿ ಕಾರ್ಡ್ ಮುಟ್ಟಬೇಡ.

ಬದಲಾವಣೆಗಳನ್ನು ಒಂದೇ ಸಲ ಮಾಡಬೇಡ. ಮೊದಲು ಲ್ಯಾಂಡ್ ಸರಿ ಮಾಡಿ ಕೆಲವು ಆಟ ಆಡು, ಆಮೇಲೆ ಉಳಿದದ್ದು. ಇಲ್ಲದಿದ್ದರೆ ಯಾವುದರಿಂದ ಸುಧಾರಿಸಿತು ಅಂತ ಗೊತ್ತಾಗುವುದಿಲ್ಲ. ಪ್ರತಿ ಆಟ ಮುಗಿದ ಮೇಲೆ ಕೊನೆಯವರೆಗೂ ಕೈಯಲ್ಲೇ ಉಳಿದ ಕಾರ್ಡ್ ಯಾವುದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅದನ್ನು ನನಗೆ ಕಳಿಸು. ಅದರ ಜಾಗಕ್ಕೆ ಏನು ಹಾಕಬೇಕು ಅಂತ ದಸರಾ ರಜೆಗೆ ನೀನು ಬಂದಾಗ ಕೂತು ನೋಡೋಣ.

ನಿನ್ನ ಅವ್ವ