ನಿನ್ನ ಕಥೆ ಓದಿದವರು ಅಂಗಡಿಗೆ ಬಂದು ಹೇಳಿದ್ದು

ಅವ್ವೀ,

ಫೋನಿನಲ್ಲಿ ಹೇಳೋಣ ಅಂದರೆ ನೀನು "ಇರ್ಲಿ ಬಿಡವ್ವ" ಅಂತ ಮಾತು ತಿರುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನೀನು ಕಳಿಸಿದ ನಿನ್ನ ಕಥೆ ಪುಸ್ತಕದ 40 ಪ್ರತಿಯಲ್ಲಿ ಈಗ 6 ಉಳಿದಿವೆ. ಪೆನ್ನು, ಜಾಮಿಟ್ರಿ ಬಾಕ್ಸ್ ಇಡುವ ಮುಂದಿನ ಗಾಜಿನ ಕಪಾಟಿನಲ್ಲೇ ಇಟ್ಟಿದ್ದೆ. ಕೊಪ್ಪಳದಲ್ಲಿ ಕಥೆ ಪುಸ್ತಕ ಯಾರು ಕೊಳ್ಳುತ್ತಾರೆ ಅಂತ ನಿಮ್ಮಪ್ಪ ಅಂದಿದ್ದರು. ಕೊಂಡರು. ಕೊಂಡವರು ಸುಮ್ಮನೆ ಕೂರಲೂ ಇಲ್ಲ. ಝೆರಾಕ್ಸ್ ಮಾಡಿಸಲು ಬಂದಾಗ, ಮಕ್ಕಳಿಗೆ ನೋಟ್‌ಬುಕ್ ಒಯ್ಯಲು ಬಂದಾಗ, ಚಿಲ್ಲರೆ ತಗೊಂಡ ಮೇಲೂ ಹೋಗದೆ ನಿಂತು ಹೇಳಿದರು.

ಮೊದಲು ಹೇಳಿದವನು ಒಬ್ಬ ಹುಡುಗ. ಪಿಎಸ್‌ಐ ಪರೀಕ್ಷೆಗೆ ಓದುತ್ತಾನೆ, ನಮ್ಮ ಭಾಗದ ಮೀಸಲಾತಿಯ 371ಜೆ ಸರ್ಟಿಫಿಕೇಟಿನ ಝೆರಾಕ್ಸಿಗೆ ಬಂದಿದ್ದ. "ಅಕ್ಕಾರ, ಒಂಬತ್ತು ಕಥಿ ಅದಾವು, ಒಂಬತ್ತರಾಗೂ ದುಃಖ. ನಿಮ್ಮ ಮಗಳು ಆರಾಮ ಅದಾರಲ್ಲ?" ಅಂತ ಕೇಳಿದ. ಪಾಪ, ಅವನು ಕಾಳಜಿಯಿಂದಲೇ ಕೇಳಿದ್ದು. ಆದರೆ ನನಗೆ ಎದೆ ಝಲ್ ಅಂದಿತು. ಬೆಂಗಳೂರಿನ ಆ ರೂಮಿನಲ್ಲಿ ಒಬ್ಬಳೇ ಇಷ್ಟೆಲ್ಲ ಹೊತ್ತುಕೊಂಡು ಕೂತಿದ್ದೀಯಾ ಅಂತ ಅನಿಸಿ, ಅವತ್ತು ರಾತ್ರಿ ಒಂದೂವರೆವರೆಗೆ ಮತ್ತೆ ಮೊದಲಿಂದ ಓದಿದೆ. ಓದಿದ ಮೇಲೆ ಹೆದರಿಕೆ ಹೋಯಿತು. ಇದನ್ನು ಬರೆದವಳು ಕುಸಿದು ಕೂತವಳಲ್ಲ, ಚೆನ್ನಾಗಿ ಕಣ್ಣು ಬಿಟ್ಟು ನೋಡಿದವಳು ಅನಿಸಿತು.

"ಇಷ್ಟು ದುಃಖ ಯಾಕೆ" ಅಂತ ಕೇಳಿದವರು ಇನ್ನೂ ನಾಲ್ಕೈದು ಮಂದಿ ಇದ್ದಾರೆ. ಅವರ ಮಾತಿಗೆ ನೀನು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಕಡೆ ಮೊಹರಂ ನೆನಪಿದೆಯಾ? ನಿಮ್ಮಜ್ಜಿ ಊರಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿ ಸುತ್ತ ರಾತ್ರಿಯೆಲ್ಲ ರಿವಾಯತ್ ಪದ ಹಾಡುತ್ತಿದ್ದರು. ಕರ್ಬಲಾದಲ್ಲಿ ನೀರಿಲ್ಲದೆ ಮಕ್ಕಳು ಒದ್ದಾಡಿದ್ದನ್ನು ಹಾಡುವಾಗ ಲಿಂಗ ಕಟ್ಟಿದವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾರೂ ಎದ್ದು ಹೋಗುತ್ತಿರಲಿಲ್ಲ. ಕೆರೆಗೆ ಹಾರದ ಹಾಡನ್ನೇ ತಗೋ, ಮರೆತ ಬಟ್ಟಲು ತರಲು ಭಾಗೀರಥಿ ಒಬ್ಬಳೇ ವಾಪಸ್ ಹೋಗುವಾಗ ಮುಂದೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೂ ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯ ಗದ್ದ ಹಿಡಿದು "ಇನ್ನೊಂದು ಸಲ" ಅಂತ ಹಟ ಮಾಡಿ ಹಾಡಿಸಿಕೊಳ್ಳುತ್ತಿದ್ದೆ. ದುಃಖದ ಕಥೆ ಕೇಳಲು ನಮ್ಮ ಜನಕ್ಕೆ ಬೇಸರವಿಲ್ಲ ಅವ್ವಿ. ಇದ್ದಿದ್ದರೆ ಆ ಹಾಡು ಇಷ್ಟು ದಿನ ಉಳಿಯುತ್ತಿರಲಿಲ್ಲ.

ಆದರೆ ಇನ್ನೊಂದು ಥರದ ಮಾತು ಬಂದಿದೆ. ಅದನ್ನು ಹೇಳಲೇಬೇಕು.

ಕಾರಟಗಿ ಕಡೆಯ ರೈತರೊಬ್ಬರು ಬಂದಿದ್ದರು. ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ನಾಲ್ಕೆಕರೆ ಭತ್ತ ಮಾಡುವವರು. ನಿನ್ನ ಡ್ಯಾಮಿನ ಕಥೆ ಓದಿದ್ದರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ನೀರು ಹೊಳೆಗೆ ಹೋಗುತ್ತಿರುತ್ತದೆ, ನಿನ್ನ ಕಥೆಯ ಮನುಷ್ಯ ಡ್ಯಾಮಿರುವ ಮುನಿರಾಬಾದಿಗೆ ಹೋಗಿ ನಿಂತು ನೋಡಿ, ಒಂದೂ ಮಾತಾಡದೆ ಮನೆಗೆ ಬಂದು ಮಲಗುತ್ತಾನೆ. ಆ ರೈತರು ಹೇಳಿದ್ದು ಹೀಗೆ: "ನಾನೂ ಮರುದಿನ ಹೋಗಿದ್ದೆ ಅಕ್ಕಾರ. ಯಾರೂ ಸುಮ್ಮನ ಇದ್ದಿಲ್ಲ. ಬೈಯುವವರು ಬೈತಿದ್ರು, ಟ್ರ್ಯಾಕ್ಟರ್ ಕಂತಿನ ಲೆಕ್ಕ ಹಾಕುವವರು ಹಾಕ್ತಿದ್ರು, ಒಬ್ಬಾತ ಮಗನ್ನ ಹೆಗಲ ಮ್ಯಾಲೆ ಕುಂದ್ರಿಸಿಕೊಂಡು ನೀರು ತೋರಿಸ್ತಿದ್ದ." ಒಡೆದ ಗೇಟಿನ ಮೇಲೆ ಭಾರ ಕಡಿಮೆಯಾಗಲಿ ಅಂತ ಉಳಿದ ಗೇಟೂ ಎತ್ತಿ ನೀರು ಬಿಡಬೇಕಾಯಿತಲ್ಲ, ಅದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು ನಿಜ. ಆ ಒಂದು ವಾರ ಮನೆಯಲ್ಲಿ ದಿನಾ ಜಗಳ ಆಗುತ್ತಿತ್ತಂತೆ, ದಿನಾ ಅಡುಗೆಯೂ ಆಗುತ್ತಿತ್ತಂತೆ. "ಕಥಿಯೊಳಗಿನ ಮನಷ್ಯಾಗ ಹೆಂಡ್ತಿ ಇಲ್ಲೇನ್ರಿ? ಆಕಿ ಏನೂ ಕೇಳಲಿಲ್ಲೇನು?" ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದೇ ಮಾತನ್ನು ಬೇರೆ ರೀತಿ ಹೇಳಿದವರು ನಿವೃತ್ತ ಲೆಕ್ಚರರ್ ಒಬ್ಬರು. ಎರಡು ಸಲ ಓದಿದ್ದರು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು. ರಷ್ಯಾದ ಚೆಕಾವ್ 1886ರಲ್ಲಿ ಬರೆದ ಒಂದು ಕಥೆ ಹೇಳಿದರು. ಗಾಡಿ ಹೊಡೆಯುವ ಮುದುಕ, ವಾರದ ಹಿಂದೆ ಮಗ ಸತ್ತಿದ್ದಾನೆ. ಗಾಡಿ ಹತ್ತಿದವರಿಗೆಲ್ಲ ಹೇಳಲು ನೋಡುತ್ತಾನೆ, ಯಾರೂ ಕೇಳುವುದಿಲ್ಲ. ಕೊನೆಗೆ ರಾತ್ರಿ ಲಾಯದಲ್ಲಿ ತನ್ನ ಕುದುರೆಯ ಹತ್ತಿರ ಹೇಳಿಕೊಳ್ಳುತ್ತಾನೆ. ಆದರೆ ಅದಕ್ಕೂ ಮೊದಲು, ಇವತ್ತು ಕಾಳಿಗೆ ಆಗುವಷ್ಟು ದುಡಿಯಲಿಲ್ಲ, ಹುಲ್ಲೇ ತಿನ್ನಬೇಕು ನೋಡು ಅಂತ ಕುದುರೆಗೆ ಹೇಳುತ್ತಾನಂತೆ. ಅಂಥ ದುಃಖದಲ್ಲೂ ಕುದುರೆಯ ಮೇವಿನ ಚಿಂತೆ ಬಿಡಲಿಲ್ಲ. ಲೆಕ್ಚರರು ಅಷ್ಟನ್ನೇ ಹೇಳಿ ಕನ್ನಡಕ ಒರೆಸಿಕೊಂಡರು.

ಅವರು ಹೋದ ಮೇಲೆ ನನಗೆ ನಿನ್ನ ಐದನೇ ಕಥೆ ನೆನಪಾಯಿತು. ಅದು ನಮ್ಮ ಮನೆಯದೇ, ನಿಮ್ಮಜ್ಜ ತೀರಿಕೊಂಡ ದಿನದ್ದು. ಗೋಡೆ, ಗಡಿಯಾರ, ಖಾಲಿ ಮಂಚ ಎಲ್ಲ ಎಷ್ಟು ಚೆನ್ನಾಗಿ ಬರೆದಿದ್ದೀಯ. ನಾನು ಅತ್ತುಬಿಟ್ಟೆ. ಆದರೆ ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ ಅಂತ ಓಣಿಯವರು ರೊಟ್ಟಿ, ಪುಂಡಿಪಲ್ಯೆ ಬುಟ್ಟಿಯಲ್ಲಿ ತಂದಿದ್ದರು. ನಿಮ್ಮ ಸೋದರತ್ತೆ ಬೇಡ ಬೇಡ ಅಂದಳು. ಆಕೆಯ ಬಾಯಿಗೆ ತುತ್ತು ಇಟ್ಟವಳು ಪಕ್ಕದ ಮನೆ ಬೀಬಿ. ಅತ್ತೆ ಅಳುತ್ತಲೇ "ಉಪ್ಪು ಕಮ್ಮಿ ಆಗೇತಿ" ಅಂದಳು. ನೀನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ, ನಿನ್ನ ಕೈಯಲ್ಲೂ ರೊಟ್ಟಿ ಇತ್ತು. ಅದು ಯಾಕೆ ಕಥೆಯಲ್ಲಿ ಬರಲಿಲ್ಲ? ಉಪ್ಪಿನ ಮಾತು ಬಂದರೆ ದುಃಖ ಕಡಿಮೆ ಆಗುತ್ತದೆ ಅಂದುಕೊಂಡೆಯಾ? ನನಗಂತೂ ಇವತ್ತಿಗೂ ಮಾವನವರು ಅಂದರೆ ಆ ಮಾತೇ ಮೊದಲು ನೆನಪಾಗುತ್ತದೆ, ಆಮೇಲೆ ಅಳು ಬರುತ್ತದೆ.

ಬೇಜಾರು ಮಾಡಿಕೊಳ್ಳಬೇಡ. ಕಥೆಯನ್ನು ಸಂತೋಷದ್ದು ಮಾಡು ಅಂತ ನಾನು ಹೇಳುತ್ತಿಲ್ಲ. ಈ ಒಂಬತ್ತರಲ್ಲಿ ಒಂದರ ಕೊನೆಯನ್ನೂ ಬದಲಾಯಿಸಬೇಡ.

ಗುಳೆ ಕಥೆಯ ವಿಷಯ ಹೇಳುತ್ತೇನೆ ಕೇಳು. ಭಾಗ್ಯನಗರದಿಂದ ಒಬ್ಬಾಕೆ ಬರುತ್ತಾಳೆ, ಮನೆಯಲ್ಲೇ ಕೂತು ಸಿಕ್ಕುಗಟ್ಟಿದ ಕೂದಲು ಬಿಡಿಸುವ ಕೆಲಸ ಮಾಡುತ್ತಾಳೆ. ಮಗಳ ಶಾಲೆ ಪ್ರಾಜೆಕ್ಟಿಗೆ ಚಾರ್ಟು ಒಯ್ಯಲು ಬಂದವಳು ಪುಸ್ತಕವನ್ನೂ ಒಯ್ದಳು. ಮೂರು ದಿನ ಬಿಟ್ಟು ಬಂದು, ನಿನ್ನ ಕಥೆಯ ಮುದುಕಿಯಂತೆಯೇ ತನ್ನ ಅತ್ತೆಯೂ ಎರಡು ಮೊಮ್ಮಕ್ಕಳನ್ನು ಇಟ್ಟುಕೊಂಡು ಊರಲ್ಲಿದ್ದಳು, ತಾನೂ ಗಂಡನೂ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದೆವು ಅಂತ ಶುರು ಮಾಡಿದಳು. ಒಂದು ಗಂಟೆ ಹೇಳಿದಳು. ನಾಲ್ಕು ವರ್ಷದಿಂದ ಅಂಗಡಿಗೆ ಬರುವವಳು, ಇದುವರೆಗೆ "ಎಷ್ಟಾತ್ರಿ" ಬಿಟ್ಟು ಬೇರೆ ಮಾತಾಡಿರಲಿಲ್ಲ. ನಿನ್ನ ಕಥೆ ಆಕೆಯ ಬಾಯಿ ಬಿಡಿಸಿತು. ಇದಕ್ಕಿಂತ ದೊಡ್ಡ ವಿಮರ್ಶೆ ಯಾವ ಪೇಪರಿನಲ್ಲಿ ಬರುತ್ತದೆ ಹೇಳು?

ಆಕೆಯ ಅತ್ತೆಗೆ ಓದಲು ಬರುವುದಿಲ್ಲ. ಅದಕ್ಕೆ ಭಾನುವಾರ ಮಧ್ಯಾಹ್ನ ಇಬ್ಬರೂ ಅಂಗಡಿಗೆ ಬರುತ್ತಾರೆ, ಅರ್ಧ ಶಟರ್ ಎಳೆದು ನಾನೇ ಓದಿ ಹೇಳುತ್ತೇನೆ. ಹೋದ ವಾರ ಗುಳೆ ಕಥೆ ಓದಿದೆ. ಮಗ ಈ ಹಬ್ಬಕ್ಕೂ ಬರುವುದಿಲ್ಲ ಅಂತ ಫೋನು ಬರುತ್ತದೆ, ಮುದುಕಿ ಆಗಷ್ಟೇ ತಟ್ಟಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡುತ್ತಾಳೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಆ ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಆಕಿ ಉಂಡಳೋ ಇಲ್ಲೋ ಅವತ್ತ?" ಅಂತ ಕೇಳಿದರು.

ಅದು ಬರೆದಿಲ್ಲಜ್ಜಿ ಅಂದೆ. "ಬರದಾಕಿಗೆ ಗೊತ್ತಿರತೈತಿ, ಕೇಳು" ಅಂದರು. ಈ ಭಾನುವಾರ ಮತ್ತೆ ಬರುತ್ತಾರೆ. ಅಷ್ಟರೊಳಗೆ ತಿಳಿಸು. ಇನ್ನೂ 20 ಪುಸ್ತಕ ಬಸ್ಸಿಗೆ ಪಾರ್ಸಲ್ ಹಾಕು.

ನಿನ್ನ ಅವ್ವ