ಕೆರಿಬಿಯನ್ ಅಂದ್ರೆ ಬರೀ ಕ್ರಿಕೆಟ್ಟು, ಚಂಡಮಾರುತ ಅಷ್ಟೇನಾ?

ಸಂಪಾದಕರಿಗೆ ನಮಸ್ಕಾರ,

ಜಮೈಕಾಗೆ 2025ರ ಅಕ್ಟೋಬರ್‌ನಲ್ಲಿ ಬಡಿದ ಮೆಲಿಸ್ಸಾ ಚಂಡಮಾರುತದ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಬಂದಿದ್ದ ಲೇಖನ ಓದಿದೆ. ಟವರ್ ಬಿದ್ವು, ಕರೆಂಟ್ ಹೋಯ್ತು, ನೆಟ್ ಇಲ್ಲ ಅಂತೆಲ್ಲಾ ಬರ್ದಿದೀರ, ಸರಿನೇ, ಆದ್ರೆ ಅಲ್ಲಿನ ಹಳ್ಳಿ ರೇಡಿಯೋಗಳ ಬಗ್ಗೆ ಒಂದ್ ಸಾಲೂ ಇಲ್ವಲ್ಲ ಸಾರ್.

ಜಮೈಕಾದ ಸೇಂಟ್ ಮೇರಿ ಪ್ಯಾರಿಷ್‌ನಲ್ಲಿ (ನಮ್ಮ ಜಿಲ್ಲೆ ಇದ್ದಂಗೆ) ಜೆಫ್ರಿ ಟೌನ್ ಅಂತಿದೆ, ಹೆಸರಲ್ಲಿ ಟೌನ್ ಇದ್ರೂ ಗುಡ್ಡದ ಮೇಲಿನ ಹಳ್ಳಿನೇ ಅದು, ಅಲ್ಲಿನ ರೈತರ ಸಂಘದವ್ರೇ ಸೇರ್ಕೊಂಡು ಜೆಟ್ ಎಫ್‌ಎಂ ಅಂತ ಸ್ಟೇಷನ್ ಮಾಡ್ಕೊಂಡಿದಾರೆ, ಬಿಸಿಲು ಗಾಳಿ ಎರಡರಿಂದ್ಲೂ ಕರೆಂಟ್ ತಗೊಳ್ಳೋ ವ್ಯವಸ್ಥೆನೂ ಇದೆ. ಆ ಸಂಘಕ್ಕೆ 2014ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಟ್ರಿನಿಡಾಡ್‌ನ ಈಶಾನ್ಯ ಮೂಲೆಲಿರೋ ಟೋಕೋದಲ್ಲಿ 1997ರಲ್ಲೇ ಯುನೆಸ್ಕೋ ಸಹಾಯದಿಂದ ರೇಡಿಯೋ ಶುರುವಾಗಿತ್ತು.

ಆ ದ್ವೀಪಗಳ ರೇಡಿಯೋನ ಒಂದ್ಸಲ ಕೇಳಿ ನೋಡಿ, ಸಾವಿನ ಸುದ್ದಿ ಓದೋಕೆ ಅಂತನೇ ಟೈಮ್ ಇಟ್ಟಿರ್ತಾರೆ. ಸತ್ತವ್ರ ಪೂರ್ತಿ ಹೆಸರು, ಆಮೇಲೆ ಊರೋರು ಕರೀತಿದ್ದ ಅಡ್ಡ ಹೆಸರು, ಮಕ್ಕಳು, ಮೊಮ್ಮಕ್ಕಳು, ಲಂಡನ್ನು ನ್ಯೂಯಾರ್ಕಲ್ಲಿರೋ ಅಣ್ಣ ತಮ್ಮಂದ್ರು, ಅಕ್ಕಪಕ್ಕದ ಮನೆಯವ್ರು, ಒಬ್ರನ್ನೂ ಬಿಡಲ್ಲ, ಓದಿ ಮುಗಿಸೋಷ್ಟ್ರಲ್ಲಿ ನಮಗೇ ಆ ಮನೆಯವ್ರ ಪರಿಚಯ ಆಗೋಗಿರುತ್ತೆ! ಅಡ್ಡ ಹೆಸರು ಹೇಳ್ದಿದ್ರೆ ಯಾರು ಸತ್ರು ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲ್ವಂತೆ. ದಿನಾ ಹಿಂಗೆ ಕಿವಿಗೆ ಬೀಳೋ ದನಿನೇ ಬಿರುಗಾಳಿ ಬರ್ತಿದೆ ಮೇಲಿನ ಸ್ಕೂಲಿಗೆ ಹೋಗಿ ಅಂದ್ರೆ ಜನ ಹೋಗ್ತಾರೆ, ರಾಜಧಾನಿಯಿಂದ ಯಾರೋ ಹೇಳಿದ್ರೆ ನೋಡೋಣ ಬಿಡು ಅಂತಾರೆ, ಇದು ನನ್ನ ಅನಿಸಿಕೆ.

ಭಾಷೆ ವಿಷಯನೂ ಅಷ್ಟೇ. ಹೈಟಿಲಿ ಎಲ್ಲರೂ ಮಾತಾಡೋದು ಕ್ರಿಯೋಲ್, ಅಂದ್ರೆ ಫ್ರೆಂಚ್ ಜೊತೆ ಆಫ್ರಿಕಾದ ಭಾಷೆಗಳು ಬೆರೆತು ಹುಟ್ಟಿದ ಆಡುಮಾತು, ಆದ್ರೆ ಅದು ಫ್ರೆಂಚ್ ಜೊತೆ ಅಧಿಕೃತ ಭಾಷೆ ಆಗಿದ್ದು 1987ರ ಸಂವಿಧಾನದಲ್ಲಿ. ಓದು ಬರಹ ಬರ್ದೇ ಇರೋ ರೈತನಿಗೂ ಕ್ರಿಯೋಲ್ ರೇಡಿಯೋ ಅರ್ಥ ಆಗುತ್ತೆ.

ಹಂಗಂತ ರೇಡಿಯೋಗೆ ಏನೂ ಆಗಲ್ಲ ಅಂತಲ್ಲ. ಆಂಟೆನಾನೂ ಗುಡ್ಡದ ತುದಿಲೇ ಇರೋದು, ಗಾಳಿಗೆ ಮೊದ್ಲು ಸಿಗೋದೇ ಅದು. 2017ರಲ್ಲಿ ಮರಿಯಾ ಚಂಡಮಾರುತ ಡೊಮಿನಿಕಾ ದ್ವೀಪಾನ ಹೊಸಕಿ ಹಾಕ್ದಾಗ ಮೊದಮೊದಲ ಸುದ್ದಿ ಹೊರಗೆ ಬಂದಿದ್ದು ಹ್ಯಾಮ್ ರೇಡಿಯೋದವ್ರಿಂದ, ಅಂದ್ರೆ ಹವ್ಯಾಸಕ್ಕೆ ಅಂತ ಮನೇಲೇ ವೈರ್‌ಲೆಸ್ ಸೆಟ್ ಇಟ್ಕೊಂಡು ಮಾತಾಡೋರಿಂದ. ಟ್ರಾನ್ಸ್‌ಮಿಟರ್ ಕೊಡ್ಸೋಕೆ ದಾನಿಗಳು ಸಿಗ್ತಾರೆ, ಫೋಟೋನೂ ತೆಗಿಸ್ಕೋತಾರೆ, ಎರಡು ವರ್ಷ ಬಿಟ್ಟು ಉಪ್ಪು ಗಾಳಿಗೆ ತುಕ್ಕು ಹಿಡಿದ ಆಂಟೆನಾ ಬದಲಾಯಿಸೋಕೆ, ಸತ್ತ ಬ್ಯಾಟರಿ ತರೋಕೆ ಯಾರೂ ಇರಲ್ಲ.

ಜೂನ್ 1ಕ್ಕೆ ಅಲ್ಲಿ ಚಂಡಮಾರುತದ ಸೀಸನ್ ಶುರು. ಈ ಸಲ ಗಾಳಿ ಬೀಸೋಕೆ ಮುಂಚೆನೇ ಇದರ ಬಗ್ಗೆ ಅರ್ಧ ಪುಟ ಹಾಕಿ ಸಾರ್, ಬೇಕಾದ್ರೆ ಕ್ರಿಕೆಟ್ ಪುಟದಲ್ಲೇ ಹಾಕಿ.

ಇತಿ,
ನಿಮ್ಮ ಹಳೇ ಓದುಗ