ಅಟ್ಟದ ಮೇಲಿನ ಮಕ್ಕಳು

ಕೂಸೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಮ್ಮಲ್ಲಿ ಸಿಗ್ನಲ್ ಸಿಗಬೇಕು ಅಂದರೆ ಕೊಟ್ಟಿಗೆ ಹಿಂದಿನ ದರೆ ಹತ್ತಬೇಕು. ಅಲ್ಲಿ ನಿಂತು ಇಂಥದ್ದನ್ನೆಲ್ಲ ಕೂಗಿ ಹೇಳಿದರೆ ಆಚೆ ತೋಟದವರಿಗೂ ಕೇಳುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹೊರಗೆ ಮಳೆ, ಕರೆಂಟಿಲ್ಲ, ಅಪ್ಪ ಮಲಗಿದ್ದಾರೆ.

"ಅಜ್ಜಿ ನಿದ್ದೆಯಲ್ಲಿ ಕೈಕಾಲು ಬಡೀತಿದ್ಲಾ ಅಮ್ಮಾ?" ಅಂತ ಕೇಳಿದೆ.

ಬಡಿಯುತ್ತಿದ್ದರು ಮಾರಾಯ್ತಿ. ನೀನು ಮೂರನೇ ಕ್ಲಾಸಿನಲ್ಲಿದ್ದಾಗಲೇ ಶುರುವಾಗಿತ್ತು. ನಡುರಾತ್ರಿ "ಹೋರಿ ಬಂತು, ಹೋರಿ" ಅಂತ ಕೂಗಿ ಒದೆಯುತ್ತಿದ್ದರು. ಅಜ್ಜ ಬೆಳಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದರು. ಕೊನೆಗೆ ಒಂದು ದಿನ ಹಾಸಿಗೆ ಸುತ್ತಿಕೊಂಡು ಜಗಲಿಗೇ ಬಂದುಬಿಟ್ಟರು. ಇಷ್ಟು ವರ್ಷದ ಸಿಟ್ಟನ್ನೆಲ್ಲ ಈಗ ತೀರಿಸಿಕೊಳ್ಳುತ್ತಿದ್ದಾಳೆ ಅಂತ ಅಜ್ಜನೇ ಹೇಳುತ್ತಿದ್ದರು, ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಮರೆವು ಬಂದದ್ದು ಅದಾಗಿ ಎಂಟೊಂಬತ್ತು ವರ್ಷದ ಮೇಲೆ. ಎರಡಕ್ಕೂ ಸಂಬಂಧ ಇರಬಹುದು ಅಂತ ಯಾರಿಗೆ ಹೊಳೆಯಬೇಕು?

ಆಮೇಲೆ ಅಟ್ಟದ ಮೇಲೆ ಮಕ್ಕಳು ಬಂದವು. ಎರಡು. ಚಿಕ್ಕದಕ್ಕೆ ಅಂಗಿ ಇಲ್ಲ ಅನ್ನೋದೇ ಅಜ್ಜಿಗೆ ಚಿಂತೆ. ತಮ್ಮ ತಟ್ಟೆಯಿಂದ ಅರ್ಧ ದೋಸೆ ಮುರಿದು ಅವಕ್ಕೆ ಎತ್ತಿಡುತ್ತಿದ್ದರು. ಅವರಿಗೆ ಹೆದರಿಕೆಯೇ ಇರಲಿಲ್ಲ. ಹೆದರಿದ್ದು ನಾವು. ಯಾರೋ ತಾಯಿತ ಕಟ್ಟಿಸಿ ಅಂದರು, ಕಟ್ಟಿಸಿದೆವು. ಮಕ್ಕಳೇನೂ ಹೋಗಲಿಲ್ಲ. ಇನ್ನೊಂದು ವಿಚಿತ್ರ ನಿನಗೆ ನೆನಪಿರಬಹುದು. ಬೆಳಗ್ಗೆ ಅಡಿಕೆ ಮೂಟೆಯ ಲೆಕ್ಕ ತಪ್ಪಿಲ್ಲದೆ ಹೇಳಿದವರು ಮಧ್ಯಾಹ್ನ ನನ್ನನ್ನು ನೋಡಿ "ನೀನು ಯಾರ ಮನೆ ಹುಡುಗಿ?" ಅನ್ನುತ್ತಿದ್ದರು. ಸಂಜೆ ಮತ್ತೆ ಸರಿ. ಕೆಲಸ ಹೇಳಿದಾಗ ಮಾತ್ರ ನಾಟಕ ಮಾಡುತ್ತಾರೆ ಅಂತ ನಾನೂ ಒಂದೆರಡು ಸಲ ಅಂದುಕೊಂಡಿದ್ದೆ. ಈಗ ಬರೆಯೋಕೆ ನಾಚಿಕೆಯಾಗುತ್ತದೆ.

ಗುಳಿಗೆಯ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ನಿನಗೆ ಆಗ ಪರೀಕ್ಷೆ. ಪೇಟೆಯ ಡಾಕ್ಟರೊಬ್ಬರು ಸ್ಕ್ಯಾನ್ ನೋಡಿ, ಮೆದುಳು ಸ್ವಲ್ಪ ಬಾಡಿದೆ, ಆಲ್ಝೈಮರ್ ಇರಬೇಕು, ವಯಸ್ಸಾಯ್ತಲ್ಲ ಅಂದರು. ಮಕ್ಕಳು ಕಾಣಿಸೋದು ನಿಲ್ಲಲಿ ಅಂತ ಒಂದು ಗುಳಿಗೆ ಬರೆದುಕೊಟ್ಟರು. ಎರಡನೇ ದಿನಕ್ಕೆ ಅಜ್ಜಿ ಕೊರಡಾದರು. ಕತ್ತು ತಿರುಗದು, ಬಾಯಿ ತೆರೆಯದು, ಕುಡಿಸಿದ ಗಂಜಿ ಕಟಬಾಯಿಯಲ್ಲಿ ಇಳಿಯುತ್ತಿತ್ತು. ಹೆದರಿ ಗುಳಿಗೆ ನಿಲ್ಲಿಸಿದೆವು. ಅಷ್ಟಿಷ್ಟು ಚೇತರಿಸಿಕೊಂಡರು, ಆದರೆ ಮತ್ತೆ ತೋಟಕ್ಕೆ ಇಳಿಯಲೇ ಇಲ್ಲ. ಆ ಡಾಕ್ಟರನ್ನು ಮನಸ್ಸಿನಲ್ಲೇ ತುಂಬಾ ದಿನ ಬೈದೆ. ಲೂಯಿ ಬಾಡಿ ಅನ್ನೋ ಮರೆವಿನ ಕಾಯಿಲೆ ಇದ್ದವರಿಗೆ ಆ ಜಾತಿಯ ಗುಳಿಗೆ ಹೀಗೆ ಮಾಡುವುದುಂಟು ಅಂತ ನೀನು ಮೊನ್ನೆ ಹೇಳಿದೆಯಲ್ಲ, ಆಮೇಲೆ ಬೈಗುಳ ಯಾರ ಕಡೆ ತಿರುಗಿಸಬೇಕೋ ತಿಳಿಯದೆ ಕೂತಿದ್ದೇನೆ. ಒದೆತ, ಅಟ್ಟದ ಮಕ್ಕಳು, ಗಳಿಗೆಗೊಂದು ಬುದ್ಧಿ, ಕೊರಡಾಗಿದ್ದು. ನಾಲ್ಕೂ ಒಂದೇ ಕಾಯಿಲೆಯ ಗುರುತಾಗಿರಬಹುದು ಅನ್ನುತ್ತೀಯ. ನಮ್ಮ ಕಣ್ಣಿಗೆ ಅವು ನಾಲ್ಕು ಬೇರೆ ಬೇರೆ ಕಷ್ಟವಾಗಿ ಕಂಡಿದ್ದವು.

ನೀನು ಕಳಿಸಿದ ಪುಸ್ತಕದ ಫೋಟೋ ದರೆ ಹತ್ತಿ ಇಳಿಸಿಕೊಂಡು ನೋಡಿದೆ. ತೆಳು ನೀಲಿಯಲ್ಲಿ ನರಕೋಶಗಳು, ಅವುಗಳ ಒಳಗೆ ಕಂದು ಬಣ್ಣದ ಗುಂಡು. ಥೇಟ್ ಅಡಿಕೆ ಚೊಗರಿನ ಬಣ್ಣ. ಆ ಬಣ್ಣ ಹಾಕದಿದ್ದರೆ ಅಷ್ಟು ಚೆನ್ನಾಗಿ ಕಾಣೋದಿಲ್ಲ ಅಂದೆ. ಅದು ನನಗೆ ಅರ್ಥವಾಗುತ್ತದೆ. ಸುಲಿದ ಅಡಿಕೆಯೂ ಚೊಗರು ಕುಡಿದ ಮೇಲೇ ತಾನು ಯಾವ ದರ್ಜೆಯದು ಅಂತ ತೋರಿಸೋದು. ಆ ಗುಂಡೇ ಲೂಯಿ ಬಾಡಿ, ಅದರಲ್ಲಿರೋದು ಆಲ್ಫಾ ಸೈನ್ಯೂಕ್ಲಿನ್ ಅನ್ನೋ ಪ್ರೋಟೀನು. ಎಲ್ಲರ ಮೆದುಳಲ್ಲೂ ಇರೋದೇ, ಮಡಿಕೆ ತಪ್ಪಿದಾಗ ಹೀಗೆ ಮುದ್ದೆಗಟ್ಟುತ್ತದೆ. ಲೂಯಿ ಅನ್ನುವವನು ಪಾರ್ಕಿನ್ಸನ್ ಅನ್ನೋ ನಡುಕದ ಕಾಯಿಲೆಯಲ್ಲಿ ಸತ್ತವರ ಮೆದುಳಲ್ಲಿ ಇದನ್ನು ನೋಡಿ ಬರೆದದ್ದು 1912ರಲ್ಲಿ, ಅದು ಯಾವ ಪ್ರೋಟೀನಿನ ಮುದ್ದೆ ಅಂತ ಗೊತ್ತಾದದ್ದು 1997ರಲ್ಲಿ. ಎಂಬತ್ತೈದು ವರ್ಷ! ಸತ್ತವರ ಮೆದುಳಲ್ಲಿ ಕಾಯಿಲೆ ಹುಡುಕುವ, ಇಷ್ಟು ತಾಳ್ಮೆ ಬೇಡುವ ಕೆಲಸವನ್ನು ನೀನು ಯಾಕೆ ಹಿಡಿದೆ ಅಂತ ನನಗಿನ್ನೂ ಆಶ್ಚರ್ಯ. ಕುದಿಯೋ ಹಾಲಿನ ಮುಂದೆ ಎರಡು ನಿಮಿಷ ನಿಲ್ಲದ ಹುಡುಗಿ ನೀನು.

ಆಲ್ಝೈಮರ್ ಆದರೆ ಬೇರೆ ಚಿತ್ರ. ನರಕೋಶದ ಹೊರಗೆ ಅಮೈಲಾಯ್ಡ್ ಅನ್ನೋ ಪ್ರೋಟೀನಿನ ಕೆಸರು, ಒಳಗೆ ಟೌ ಅನ್ನೋ ಇನ್ನೊಂದು ಪ್ರೋಟೀನಿನ ಸಿಕ್ಕು. ಹೊಸ ನೆನಪು ಕೂಡಿಡುವ ಜಾಗದ ಸುತ್ತಲೇ ಆ ಸಿಕ್ಕು ಮೊದಲು ಕಾಣುತ್ತದೆ. ಆದರೆ ವಯಸ್ಸಾದವರ ಮೆದುಳಲ್ಲಿ ಒಂದೇ ಕಾಯಿಲೆ ಅಚ್ಚುಕಟ್ಟಾಗಿ ಕೂತಿರೋದು ಕಡಿಮೆ, ಕೆಸರು, ಸಿಕ್ಕು, ಗುಂಡು, ರಕ್ತನಾಳ ಕಟ್ಟಿದ ಕಲೆ ಎಲ್ಲ ಬೆರೆತಿರುತ್ತವೆ ಅಂದೆಯಲ್ಲ. ಹಾಗಾದರೆ ಅಜ್ಜಿಗೆ ಇದ್ದದ್ದು ಯಾವುದು ಅಂತ ಕೇಳಿದರೆ "ಇರಬಹುದು" ಅನ್ನೋದರಿಂದ ಮುಂದೆ ನೀನು ಹೋಗಲಿಲ್ಲ. ಮೆದುಳಿನ ತೆಳು ಹೋಳಿನ ಸ್ಲೈಡ್ ನೋಡದೆ ಹೇಳಬಾರದು ಅಂದೆ. ಉತ್ತರ ಅಜ್ಜಿಯ ತಲೆಯೊಳಗೇ ಇತ್ತು. ಅದನ್ನು ಆಷಾಢದ ಮಳೆಯಲ್ಲಿ, ಕಟ್ಟಿಗೆ ಹತ್ತದೆ, ಎರಡು ಡಬ್ಬಿ ತುಪ್ಪ ಸುರಿದು ಸುಟ್ಟೆವು.

ಆವತ್ತು ಬೆಳಗಿನ ಜಾವ ನೀನು ನನ್ನನ್ನು ಬಚ್ಚಲ ಒಲೆಯ ಹತ್ತಿರ ಕರೆದು ಪಿಸುಗುಟ್ಟಿದ್ದೆ. ನಿಮ್ಹಾನ್ಸಿನಲ್ಲಿ ಸತ್ತವರ ಮೆದುಳು ತೆಗೆದಿಟ್ಟು ಪರೀಕ್ಷೆ ಮಾಡುವ ಬ್ರೈನ್ ಬ್ಯಾಂಕ್ ಇದೆ, ಕೇಳೋಣವಾ ಅಂತ. ನಾನು ನಿನ್ನ ಬಾಯಿ ಮುಚ್ಚಿದೆ. ನಿಜವಾಗಿ, ಕೈಯಿಂದಲೇ ಮುಚ್ಚಿದೆ. "ಡಾಕ್ಟರ್ ಓದು ಮನೆಗೆ ತರಬೇಡ" ಅಂದೆ. ನನಗೆ ಚಾಕುವಿನ ಭಯ ಇರಲಿಲ್ಲ ಕಣೇ. ಜಗಲಿಯಲ್ಲಿ ಕೂತಿದ್ದ ಜನರ ಭಯ. ಸೊಸೆ ಅತ್ತೆಯ ತಲೆ ಒಡೆಸಿದಳು ಅನ್ನುತ್ತಾರೆ ಅಂತ. ಆರು ವರ್ಷ ಬಾಣಂತಿಯಂತೆ ನೋಡಿಕೊಂಡದ್ದು ಆ ಒಂದು ಮಾತಿಗೆ ನೀರಾಗುತ್ತಿತ್ತು. ಕೇಳಿದ್ದರೂ ಪ್ರಯೋಜನವಾಗುತ್ತಿತ್ತೋ ಇಲ್ಲವೋ ಅನ್ನು. ಸಾಗರದಿಂದ ಬೆಂಗಳೂರು ಏಳೆಂಟು ಗಂಟೆ ದಾರಿ. ಉಸಿರು ನಿಂತ ಮೇಲೆ ಮೆದುಳು ಬೇಸಿಗೆಯ ಹಾಲಿದ್ದ ಹಾಗೆ, ತಡವಾದಷ್ಟೂ ಕೆಡುತ್ತದೆ. ಆದರೆ ನಾನು ದಾರಿಯ ಲೆಕ್ಕ ಹಾಕಿ ಬೇಡ ಅಂದವಳಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಅಜ್ಜ ಇದ್ದಿದ್ದರೆ ಏನನ್ನುತ್ತಿದ್ದರು ಅಂತ ಯೋಚಿಸಿದೆ. ಮಂಗನ ಕಾಯಿಲೆಯ ಕಥೆ ಅವರು ಎಷ್ಟು ಸಲ ಹೇಳಿಲ್ಲ! 1957ರಲ್ಲಿ ಸೊರಬದ ಕಡೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಕಾಡಿಗೆ ಹೋದವರಿಗೆ ಜ್ವರ ಬಂತು. ಪುಣೆಯ ವೈರಸ್ ಕೇಂದ್ರದವರು ಬಂದು ಮಂಗಗಳನ್ನು ಕೊಯ್ದು ಪರೀಕ್ಷೆ ಮಾಡಿದಾಗ, ಸತ್ತ ಮಂಗ ಕೊಯ್ಯೋ ಹುಚ್ಚರು ಅಂತ ಊರವರು ನಕ್ಕಿದ್ದರಂತೆ. ಆ ಕೊಯ್ತದಿಂದಲೇ ವೈರಸ್ ಸಿಕ್ಕಿತು, ಉಣುಗಿನಿಂದ ಹರಡುತ್ತದೆ ಅಂತ ಗೊತ್ತಾಯಿತು, ನಮ್ಮ ಕಾಡಿನ ಹೆಸರು ವೈದ್ಯರ ಪುಸ್ತಕ ಸೇರಿತು. ಇಲ್ಲದಿದ್ದರೆ ಇವತ್ತಿಗೂ ಮಾರಿಯ ಮುನಿಸು ಅಂತ ಕೋಳಿ ಕೊಯ್ಯುತ್ತಿದ್ದೆವೋ ಏನೋ. ಈ ಕಥೆ ಕೇಳುತ್ತಲೇ ಅಡಿಕೆ ಸುಲಿದವಳು ನಾನು. ಮನೆಯಲ್ಲೇ ಅಂಥ ಮಾತು ಬಂದಾಗ ನಿನ್ನ ಬಾಯಿ ಮುಚ್ಚಿದೆ.

ನೀನು ಹೇಳಿದ ಜರ್ಮನಿಯ ಹೆಂಗಸು ಈಗೀಗ ತುಂಬಾ ನೆನಪಾಗುತ್ತಾಳೆ, ಆಗುಸ್ಟೆ ಡೆಟರ್. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದಾಗ ಐವತ್ತೊಂದು ವರ್ಷ. ಹೆಸರು ಬರೆ ಅಂದರೆ ಪೂರ್ತಿ ಬರೆಯಲಾಗದೆ ನಿಂತುಬಿಡುತ್ತಿದ್ದಳು. 1906ರಲ್ಲಿ ಸತ್ತಳು. ಅಷ್ಟರಲ್ಲಿ ಅವಳನ್ನು ನೋಡುತ್ತಿದ್ದ ಡಾಕ್ಟರ್ ಆಲ್ಝೈಮರ್, ಕಾಯಿಲೆಗೆ ಹೆಸರು ಬಂದದ್ದು ಇವನಿಂದಲೇ, ಮ್ಯೂನಿಕ್‌ಗೆ ಹೋಗಿ ಆಗಿತ್ತು. ಆದರೂ ಮರೆಯದೆ ಅವಳ ಮೆದುಳನ್ನು ಅಲ್ಲಿಗೆ ತರಿಸಿಕೊಂಡು, ಬೆಳ್ಳಿಯ ಬಣ್ಣ ಹಾಕಿ ನೋಡಿದ. ಅದೇ ನವೆಂಬರಿನಲ್ಲಿ ಸಭೆಯಲ್ಲಿ ಹೇಳಿದಾಗ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲವಂತೆ. ಅವಳ ಆಸ್ಪತ್ರೆಯ ಕಡತ ಮತ್ತೆ ಸಿಕ್ಕಿದ್ದು 1995ರಲ್ಲಿ. ನಿಮ್ಮ ಬ್ರೈನ್ ಬ್ಯಾಂಕ್ ಶುರುವಾದದ್ದೂ ಅದೇ ವರ್ಷ ಅಲ್ವಾ? ಐವತ್ತೊಂದು ಅಂದರೆ ಈಗ ನನಗಿಂತ ಏಳು ವರ್ಷ ಚಿಕ್ಕವಳು.

ನಮ್ಮವರು ಅರವತ್ತಕ್ಕೆ ಅರಳುಮರಳು ಅಂದು ಕೈತೊಳೆದುಕೊಳ್ಳುತ್ತಾರೆ. ಈ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳೆಂಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಅನ್ನೋ ಮರೆವಿನ ಕಾಯಿಲೆ ಇದೆ ಅಂತ ಲೆಕ್ಕ ಹಾಕಿದ್ದಾರೆ ಅಂದೆ. ವಯಸ್ಸೇ ಕಾರಣವಾದರೆ ಉಳಿದ ತೊಂಬತ್ತೆರಡು ಮಂದಿ ಹೇಗೆ ಪಾರಾದರು? ಗಾದೆ ಕಟ್ಟಿದವರಿಗೆ ಲೆಕ್ಕ ಬರುತ್ತಿರಲಿಲ್ಲ ಅಂತ ಕಾಣುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಿಮ್ಹಾನ್ಸಿನಲ್ಲಿ ನಿಮ್ಮ ಮೆದುಳಿನ ಮ್ಯೂಸಿಯಂ ತೋರಿಸಿದಾಗ ನನ್ನ ಕೈಗೊಂದು ಮೆದುಳು ಕೊಟ್ಟರಲ್ಲ. ಗ್ಲೌಸ್ ಹಾಕಿಕೊಂಡು ಹಿಡಿದೆ. ಅಡಿಕೆ ತೂಗಿ ಅಭ್ಯಾಸವಾದ ಕೈ ತಾನಾಗಿಯೇ ಅಂದಾಜು ಮಾಡಿತು, ಒಂದು ಕೇಜಿ ಮುನ್ನೂರು ಗ್ರಾಂ ಅಂತ. ಆಗ ಅದು ಫಾರ್ಮಲಿನ್ನಿನಲ್ಲಿ ಇದ್ದು ಗಟ್ಟಿಯಾಗಿತ್ತು. ಹಸಿಯದ್ದು ಗಿಣ್ಣಿನಷ್ಟು ಮೆತ್ತಗೆ, ಅದಕ್ಕೇ ವಾರಗಟ್ಟಲೆ ನೆನೆಸಿ ಆಮೇಲೆ ಹೋಳು ಮಾಡೋದು ಅಂತ ನೀನು ಹೇಳಿದೆ. (ಆವತ್ತಿನಿಂದ ನನಗೆ ಗಿಣ್ಣು ಸೇರುತ್ತಿಲ್ಲ. ಅಪ್ಪನಿಗೆ ಕಾರಣ ಹೇಳಿಲ್ಲ.) ಬರುವಾಗ ತಾಳಗುಪ್ಪ ರೈಲಿನಲ್ಲಿ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಕಾಯಿಲೆ ಇದ್ದವರ ಮೆದುಳಿನಷ್ಟೇ, ಇಲ್ಲದವರದ್ದೂ ಬೇಕು, ಹೋಲಿಸಿ ನೋಡೋಕೆ, ಅದು ಸಿಗೋದೇ ಕಷ್ಟ ಅಂದಿದ್ದೆ. ಕಂಟ್ರೋಲ್ ಅನ್ನುತ್ತೀರಿ ಅದಕ್ಕೆ. ಅಮೆರಿಕದಲ್ಲಿ 678 ಸನ್ಯಾಸಿನಿಯರು ಸತ್ತ ಮೇಲೆ ನಮ್ಮ ಮೆದುಳು ನೋಡಿ ಅಂತ ಒಪ್ಪಿಕೊಂಡ ಕಥೆಯೂ ಆವತ್ತೇ ಹೇಳಿದ್ದು. ಅವರಲ್ಲಿ ಒಬ್ಬಳು ನೂರೊಂದು ವರ್ಷದವರೆಗೆ ಚುರುಕಾಗಿದ್ದಳು, ಒಳಗೆ ನೋಡಿದರೆ ಕೆಸರು, ಸಿಕ್ಕು ಎಲ್ಲ ತುಂಬಿತ್ತು! ಅಷ್ಟಿದ್ದೂ ಹೇಗೆ ನಿಭಾಯಿಸಿದಳು ಅನ್ನೋದು ನನಗೆ ಕಾಯಿಲೆಗಿಂತ ದೊಡ್ಡ ವಿಷಯ ಅನ್ನಿಸಿತು.

ನನ್ನದನ್ನು ಬರೆದುಕೊಡುತ್ತೇನೆ. ಅರ್ಜಿ ಕಳಿಸು.

ಮಹಾದಾನ ಗಿಹಾದಾನ ಅಂತ ಪೋಸ್ಟರಿನ ಮಾತು ಆಡಬೇಡ, ನನಗೆ ಅದು ಹಿಡಿಸೋದಿಲ್ಲ. ನನಗೆ ಕುತೂಹಲ, ಅಷ್ಟೇ. ಮರೆವು ಬಂದರೆ ಯಾವ ಜಾತಿಯದು ಅಂತ ನಿಮಗೆ ತಿಳಿಯುತ್ತದೆ, ಬರದಿದ್ದರೆ ಕಂಟ್ರೋಲಿಗೆ ಆಯಿತು. ಒಂದು ಶರತ್ತು. ಸ್ಲೈಡ್ ನೀನು ನೋಡಬೇಡ, ಬೇರೆ ಯಾರಾದರೂ ನೋಡಲಿ. ಎರಡನೆಯದು, ಕೊನೆಗಾಲಕ್ಕೆ ನಾನು ನಿನ್ನ ಮನೆಯಲ್ಲೇ ಬಿದ್ದುಕೊಂಡಿರುವ ಹಾಗೆ ನೋಡಿಕೋ. ಈ ಘಟ್ಟದ ದಾರಿಯಲ್ಲಿ ಆಂಬುಲೆನ್ಸ್ ನಂಬಿಕೊಂಡರೆ ಆಗುವ ಕೆಲಸ ಅಲ್ಲ. ಮತ್ತೆ ನನ್ನ ಹತ್ತಿರ ಅಟ್ಟದ ಮಕ್ಕಳು ಬಂದರೆ ತಾಯಿತ ಬೇಡ, ಗುಳಿಗೆಯನ್ನೂ ಕೇಳಿಕೊಂಡು ಕೊಡು. ದೋಸೆ ಮುರಿದಿಟ್ಟರೆ ಸುಮ್ನೆ ಬಿಡು.

ನಾನು ಎಷ್ಟು ಬರೆದಿಟ್ಟರೂ ಆ ದಿನ ಹೂಂ ಅನ್ನಬೇಕಾದವರು ಮನೆಯವರು ಅಂದೆಯಲ್ಲ, ಕಷ್ಟ ಇರೋದು ಅಲ್ಲಿ. ಅಂಗ ಕಡಿಮೆಯಾದ ದೇಹಕ್ಕೆ ಸಂಸ್ಕಾರ ಹೇಗೆ ಅಂತ ಅಪ್ಪ ಮೊದಲ ಮಾತಿಗೇ ಕೇಳುತ್ತಾರೆ. ಮುಖಕ್ಕೆ ಏನೂ ಆಗೋದಿಲ್ಲ, ಹೊಲಿದು ದೇಹ ಕೊಡುತ್ತಾರೆ, ಹದಿಮೂರು ದಿನದ್ದೂ ಸಾಂಗವಾಗಿ ಮಾಡಬಹುದು ಅಂತ ನಾನು ಹೇಳಿದರೆ ನಂಬೋದಿಲ್ಲ. ನೀನು ಹೇಳಬೇಕು. ಕೊನೆ ಕೊಯ್ಲು ಮುಗಿದ ಮೇಲೆ ಬಾ. ಅಡಿಕೆ ರೇಟು ಚೆನ್ನಾಗಿ ಸಿಕ್ಕ ದಿನ ಸಂಜೆ ಕಷಾಯ ಕೊಟ್ಟು ಜಗಲಿಯಲ್ಲಿ ಕೂರಿಸುತ್ತೇನೆ. ಮಾತು ನೀನು ಶುರುಮಾಡು.

ಅಪ್ಪೆಮಿಡಿ ಭರಣಿಯಲ್ಲಿದೆ, ಹೋಗುವಾಗ ಮರೆಯಬೇಡ.

ನಿನ್ನ
ಅಮ್ಮ